ಕಡಲೆ ಮತ್ತು ಹಲ್ಲು

ಹಾಡನ್ನು ದುಡ್ಡು ಕೊಟ್ಟು ಕೊಳ್ಳುವ ವ್ಯವಹಾರ ನಮ್ಮ ಕಡೆಗೆ ಬಂದದ್ದೇ ತಡವಾಗಿ. ಹೊರಟುಹೋದದ್ದು ಮಾತ್ರ ಬಹಳ ಬೇಗ. ನನ್ನ ತಾಯಿಯ ಕಾಲದವರಿಗೆ ಹಾಡೆಂದರೆ ಮನೆಯಲ್ಲಿ ತಾವೇ ಹಾಡಿಕೊಳ್ಳುವುದು, ಇಲ್ಲವೇ ದೇವಸ್ಥಾನದ ಅಂಗಳದಲ್ಲಿ, ಗದ್ದೆಯಲ್ಲಿ ನಡೆಯುವ ಆಟದಲ್ಲಿ, ಹರಿಕಥೆಯಲ್ಲಿ ಕೂತು ಕೇಳುವುದು. ಹರಿದಾಸರ ಮಂಗಳಾರತಿ ತಟ್ಟೆಗೆ ನಾಲ್ಕಾಣೆ ಹಾಕುವ ಕ್ರಮವಿತ್ತು. ಅದು ಹಾಡಿನ ಕ್ರಯವಲ್ಲ, ಹಾಡಿದವರಿಗೆ ಸಲ್ಲಿಸುವ ಮರ್ಯಾದೆ. ಗ್ರಾಮಾಫೋನು ಊರಿಗೊಂದೋ ಎರಡೋ ಉಳ್ಳವರ ಮನೆಗಳಲ್ಲಿತ್ತು. ರೇಡಿಯೊ ಬಂದ ಮೇಲೆ ಹಾಡು ಎಲ್ಲರಿಗೂ ಸಿಕ್ಕಿತಾದರೂ ಯಾವ ಹಾಡು, ಎಷ್ಟು ಹೊತ್ತಿಗೆ ಎಂಬುದನ್ನು ನಿಲಯದವರೇ ನಿರ್ಧರಿಸುತ್ತಿದ್ದರು. ಒಬ್ಬ ಸಾಧಾರಣ ಸಂಬಳದ ಮನುಷ್ಯ ಪೇಟೆಗೆ ಹೋಗಿ, ಇಂಥ ಕವಿಯ ಪದ್ಯ, ಇಂಥವರು ಹಾಡಿದ್ದು ಬೇಕು ಎಂದು ಕೇಳಿ, ಹಣ ಎಣಿಸಿಕೊಟ್ಟು, ಹಾಡನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುವುದು ಸಾಧ್ಯವಾದದ್ದು ಕ್ಯಾಸೆಟ್ಟಿನಿಂದ.

ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪೆನಿ ಲೋಕಕ್ಕೆ ತೋರಿಸಿದ್ದು 1963ರಲ್ಲಿ. ಅದು ನಮ್ಮ ಮನೆಗಳಿಗೆ ಬರಲು ಇನ್ನೂ ಹದಿನೈದು ಇಪ್ಪತ್ತು ವರ್ಷ ಹಿಡಿಯಿತು. ಕನ್ನಡ ಭಾವಗೀತೆಯ ಮಟ್ಟಿಗೆ ಹೇಳುವುದಾದರೆ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಧ್ವನಿಸುರುಳಿಯಾಗಿ ಬಂದದ್ದೇ ಶುಭಾರಂಭ. ಅಲ್ಲಿಂದ ಮುಂದೆ ಸುಮಾರು ಮೂವತ್ತು ವರ್ಷ ಹಾಡಿಗೊಂದು ಮೈ ಇತ್ತು. ಅದು ಮೊದಲು ಕ್ಯಾಸೆಟ್ಟು, ಆಮೇಲೆ ಸಿ.ಡಿ. ಸೋನಿ ಕಂಪೆನಿ ಜಪಾನಿನಲ್ಲಿ ಕ್ಯಾಸೆಟ್ಟಿನ ವಾಕ್‌ಮನ್ ತಯಾರಿಸುವುದನ್ನು ನಿಲ್ಲಿಸಿದ್ದು 2010ರಲ್ಲಿ. ಮುಂಬೈಯ ಹೆಸರುವಾಸಿ ರಿದಮ್ ಹೌಸ್ ಅಂಗಡಿ ಬಾಗಿಲು ಹಾಕಿದ್ದು 2016ರಲ್ಲಿ. ನಮ್ಮ ಪೇಟೆಯ ಕ್ಯಾಸೆಟ್ಟಿನಂಗಡಿ ಅದಕ್ಕೂ ಮುಂಚೆಯೇ ಮೊಬೈಲು ರಿಪೇರಿಯ ಅಂಗಡಿಯಾಗಿತ್ತು. ಹಾಡು ಕೊಂಡುಕೊಳ್ಳುವುದು ನಮ್ಮಲ್ಲಿ ಒಂದು ತಲೆಮಾರಿನ ಅಭ್ಯಾಸ, ಅಷ್ಟೆ. ಅಪ್ಪನಿಗೆ ಗೊತ್ತಿರಲಿಲ್ಲ, ಮಗನಿಗೆ ಗೊತ್ತಿತ್ತು, ಮೊಮ್ಮಗನಿಗೆ ಮತ್ತೆ ಗೊತ್ತಿಲ್ಲ.

ಈಗ ಹಾಡು ಫೋನಿನೊಳಗೆ ಹರಿದು ಬರುತ್ತದೆ. ಸ್ಪಾಟಿಫೈ, ಜಿಯೊಸಾವನ್, ಯೂಟ್ಯೂಬ್ ಎಂದು ಅದರ ಕಾಲುವೆಗಳಿಗೆ ನಾನಾ ಹೆಸರು. ಇದರಿಂದ ಕ್ಯಾಸೆಟ್ಟು ಸತ್ತಿತು, ಕಲಾವಿದರ ಹೊಟ್ಟೆಗೆ ಕಲ್ಲು ಬಿತ್ತು ಎಂಬ ದೂರನ್ನು ನಾವೆಲ್ಲ ಕೇಳುತ್ತಿದ್ದೇವೆ. ದೂರು ಸುಳ್ಳಲ್ಲ. ಆದರೆ ಅದರಲ್ಲಿ ಅರ್ಧ ಸಂಗತಿ ಮಾತ್ರ ಇದೆ. ಕ್ಯಾಸೆಟ್ಟಿನ ಕಾಲದಲ್ಲಿ ಕವಿಗೆ, ರಾಗ ಹಾಕಿದವರಿಗೆ, ಹಾಡಿದವರಿಗೆ ನ್ಯಾಯವಾದ ಪಾಲು ಸಿಗುತ್ತಿತ್ತು ಎಂಬ ಭ್ರಮೆಯ ಮೇಲೆ ಆ ದೂರು ನಿಂತಿದೆ. ನನಗೆ ಕಾಣುವುದು ಬೇರೆ. ಮಾರಲು ಮಾಲಿದ್ದಾಗ ನಮಗೆ ಹಕ್ಕಿರಲಿಲ್ಲ. ಕಾನೂನು ಹಕ್ಕನ್ನು ಕೊಡುವ ಹೊತ್ತಿಗೆ ಮಾಲೇ ಕರಗಿಹೋಗಿತ್ತು. ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲು ಬಂದಾಗ ಕಡಲೆ ಇಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ಕಡಲೆಯ ಕಾಲದ ಮಾತು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನಮ್ಮಂಥವರಿಗೆ ಸುಗಮ ಸಂಗೀತದ ಬಗ್ಗೆ ಒಂದು ಗೊಣಗಾಟವಿತ್ತು. ಹಾಡಿದರೆ ಪದ್ಯ ಸಾಯುತ್ತದೆ, ರಾಗದ ಸಕ್ಕರೆಯಲ್ಲಿ ಅರ್ಥದ ಕಹಿ ಮುಚ್ಚಿಹೋಗುತ್ತದೆ, ಕೇಳುಗ ಮೊದಲ ನುಡಿಯನ್ನಷ್ಟೇ ಗುನುಗಿ ಉಳಿದದ್ದನ್ನು ಬಿಡುತ್ತಾನೆ ಎಂದು ವಿಚಾರ ಸಂಕಿರಣಗಳಲ್ಲಿ ವಾದ ನಡೆಯುತ್ತಿತ್ತು. ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ತರಗತಿಯಲ್ಲಿ ನನಗೆ ಕಂಡ ಸತ್ಯ ಬೇರೆಯಾಗಿತ್ತು. ಬೇಂದ್ರೆಯವರ ಸಂಕಲನವನ್ನು ಮುಟ್ಟಿಯೂ ನೋಡದ ಹುಡುಗರು ಬೇಂದ್ರೆಯವರ ಪದ್ಯವನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಶಿಶುನಾಳ ಶರೀಫರನ್ನು ಪಠ್ಯಪುಸ್ತಕ ಪರಿಚಯಿಸುವ ಮೊದಲೇ ಸಿ. ಅಶ್ವತ್ಥರ ಕಂಠ ಪರಿಚಯಿಸಿ ಆಗಿರುತ್ತಿತ್ತು. ನಾನು ಅಲ್ಲಿಂದಲೇ ಪಾಠ ಶುರು ಮಾಡುತ್ತಿದ್ದೆ. ಪದ್ಯದೊಳಗೆ ಹೋಗಲು ಅದು ಹಿಂಬಾಗಿಲೇ ಇರಬಹುದು, ಆದರೆ ತೆರೆದ ಬಾಗಿಲು.

ಕ್ಯಾಸೆಟ್ಟಿನ ಡಬ್ಬಿಯೊಳಗೆ ಮಡಿಸಿಟ್ಟ ಕಾಗದವೊಂದು ಇರುತ್ತಿತ್ತಲ್ಲ, ಅದರ ಬಗ್ಗೆ ಎರಡು ಮಾತು ಹೇಳಬೇಕು. ಹೊರಗೆ ಬಣ್ಣದ ಚಿತ್ರ. ಒಳಗೆ ಸಣ್ಣ ಅಕ್ಷರಗಳಲ್ಲಿ ಎ ಬದಿ, ಬಿ ಬದಿ, ಹಾಡಿನ ಮೊದಲ ಸಾಲು, ಅದರ ಎದುರಿಗೆ ಕವಿಯ ಹೆಸರು. ಕೆಳಗೆ ರಾಗ ಸಂಯೋಜನೆ, ವಾದ್ಯಗಾರರ ಹೆಸರು, ಕೆಲವೊಮ್ಮೆ ತಬಲಾ ಯಾರು, ಕೊಳಲು ಯಾರು ಎಂಬುದೂ. ಆ ಕಾಗದ ಹರಿದು ಚೂರಾಗುವವರೆಗೂ ನಾವು ಓದಿದ್ದೇವೆ. ಯಾವ ಕವಿ ಯಾರು ಎಂಬ ಸಾಹಿತ್ಯ ಚರಿತ್ರೆಯನ್ನು ಎಷ್ಟೋ ಮನೆಗಳು ಕಲಿತದ್ದು ಆ ಬೆರಳಗಲದ ಕಾಗದದಿಂದ.

ಕರಾವಳಿಯಲ್ಲಿ ಇದರ ಜೊತೆಗೆ ಇನ್ನೊಂದು ಹೊಳೆಯೂ ಹರಿಯುತ್ತಿತ್ತು. ಅದು ಯಕ್ಷಗಾನದ, ತಾಳಮದ್ದಲೆಯ ಕ್ಯಾಸೆಟ್ಟು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಕ್ಯಾಸೆಟ್ಟಿನಲ್ಲಿ ಕೇಳಿ ವಾದದ ವರಸೆ ಕಲಿತ ವಕೀಲರನ್ನು ನಾನು ಬಲ್ಲೆ. ಕಾಳಿಂಗ ನಾವಡರು 1990ರಲ್ಲಿ ಇನ್ನೂ ಮೂವತ್ತೆರಡರ ಆಸುಪಾಸಿನಲ್ಲಿ ಅಪಘಾತದಲ್ಲಿ ತೀರಿಹೋದರು. ಅವರ ಆಟವನ್ನು ಒಮ್ಮೆಯೂ ಕಣ್ಣಾರೆ ನೋಡದ ಮಕ್ಕಳು ಇಂದಿಗೂ ಅವರ ಭಾಗವತಿಕೆಯನ್ನು ಅನುಕರಿಸುತ್ತಾರೆ ಎಂದರೆ ಅದಕ್ಕೆ ಆ ಸುರುಳಿಗಳೇ ಕಾರಣ.

ಇಷ್ಟೆಲ್ಲ ಹೊಗಳಿದ ಮೇಲೆ ಲೆಕ್ಕದ ಪುಸ್ತಕವನ್ನೂ ತೆರೆಯಬೇಕು. ಆ ಕಾಲದಲ್ಲಿ ಕಲಾವಿದರಿಗೆ ಸಂದದ್ದೆಷ್ಟು? ತೊಂಬತ್ತರ ದಶಕದ ನಡುವೆ ನನ್ನದೇ ಎಂಟು ಪದ್ಯಗಳು ಒಂದು ಕ್ಯಾಸೆಟ್ಟಾದವು. ಮಾಡಿದವರು ಒಂದು ಸಣ್ಣ ಕಂಪೆನಿಯವರು, ಹೆಸರು ಬೇಡ. ಛಾಪಾ ಕಾಗದದ ಮೇಲೆ ಒಂದೇ ಪುಟದ ಕರಾರು. ಎರಡು ಸಾವಿರ ರೂಪಾಯಿ ಮತ್ತು ಇಪ್ಪತ್ತೈದು ಪ್ರತಿಗಳಿಗೆ ಪ್ರತಿಯಾಗಿ ಆ ಪದ್ಯಗಳ ಹಾಡಿನ ರೂಪದ ಹಕ್ಕನ್ನು, ಈಗ ಇರುವ ಹಾಗೂ ಮುಂದೆ ಬರಬಹುದಾದ ಸಮಸ್ತ ಮಾಧ್ಯಮಗಳಲ್ಲಿ, ಕಾಯಂ ಆಗಿ ಬಿಟ್ಟುಕೊಟ್ಟಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ಆಗ ಅದು ಎಲ್ಲರೂ ಮಾಡುವ ಸಹಿ. ರಾಗ ಹಾಕಿದ ಗೆಳೆಯರಿಗೂ ಅಂಥದ್ದೇ ಕಾಗದ; ಹಾಡಿದ ಹುಡುಗಿಗೆ ಕಾಗದವೂ ಇರಲಿಲ್ಲ, ಲಕೋಟೆಯಲ್ಲಿ ಐನೂರು ರೂಪಾಯಿ ಇತ್ತು. ಎಷ್ಟು ಪ್ರತಿ ಮಾರಾಟವಾಯಿತು ಎಂದು ಕೇಳಿದರೆ, "ಏನೋ ಹೋಗ್ತಾ ಇದೆ ಸಾರ್" ಎಂಬುದಕ್ಕಿಂತ ಹೆಚ್ಚಿನ ಉತ್ತರ ಬಂದದ್ದಿಲ್ಲ.

ಕಂಪೆನಿಯವರೂ ಸುಖವಾಗಿದ್ದರು ಎಂದೇನೂ ಅಲ್ಲ. ಪೇಟೆ ಪೇಟೆಗಳಲ್ಲಿ 'ಇಲ್ಲಿ ಕ್ಯಾಸೆಟ್ ರೆಕಾರ್ಡಿಂಗ್ ಮಾಡಿಕೊಡಲಾಗುವುದು' ಎಂಬ ಫಲಕ ತೂಗುತ್ತಿತ್ತು. ನಮಗೆ ಬೇಕಾದ ಹದಿನಾರು ಹಾಡುಗಳ ಪಟ್ಟಿ ಕೊಟ್ಟು ಒಂದು ಖಾಲಿ ಕ್ಯಾಸೆಟ್ಟು ಕೊಟ್ಟರೆ ಸಂಜೆಗೆ ತುಂಬಿಸಿಕೊಡುತ್ತಿದ್ದರು. ಇಂದಿನವರು ಪ್ಲೇಲಿಸ್ಟು ಎನ್ನುವುದನ್ನು ನಾವು ಆ ಅಂಗಡಿಯ ಬೆಂಚಿನ ಮೇಲೆ ಕೂತು ಬರೆದುಕೊಡುತ್ತಿದ್ದೆವು. ಪೀಟರ್ ಮ್ಯಾನುಯಲ್ ಎಂಬ ವಿದ್ವಾಂಸರು ಉತ್ತರ ಭಾರತದ ಕ್ಯಾಸೆಟ್ಟಿನ ಬಗ್ಗೆ 1993ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದಿದ್ದಾರೆ. ಗ್ರಾಮಾಫೋನ್ ಕಂಪೆನಿಯ ಏಕಸ್ವಾಮ್ಯವನ್ನು ಕ್ಯಾಸೆಟ್ಟು ಹೇಗೆ ಮುರಿಯಿತು, ಸಣ್ಣ ಸಣ್ಣ ಭಾಷೆಗಳ, ಊರುಗಳ ಹಾಡಿಗೆ ಹೇಗೆ ಮಾರುಕಟ್ಟೆ ತೆರೆಯಿತು ಎಂಬುದು ಅದರಲ್ಲಿದೆ. ಕಳ್ಳಪ್ರತಿಗಳ ಹಾವಳಿಯೂ ಇದೆ. ನಮ್ಮ ಕಡೆಯ ಕಥೆಯೂ ಅದಕ್ಕಿಂತ ಬಹಳ ಬೇರೆಯಲ್ಲ.

ಹಕ್ಕಿನ ಮಾತಿಗೆ ಬರೋಣ. ನಮ್ಮ ಕೃತಿಸ್ವಾಮ್ಯದ ಕಾಯಿದೆ 1957ರದು. ಹಾಡು ಬರೆದವರ ಮತ್ತು ರಾಗ ಹಾಕಿದವರ ಪರವಾಗಿ ರಾಯಧನ ವಸೂಲು ಮಾಡುವ ಐ.ಪಿ.ಆರ್.ಎಸ್. ಎಂಬ ಸಂಸ್ಥೆ ಹುಟ್ಟಿದ್ದು 1969ರಲ್ಲಿ. ಅದು ಚಿತ್ರ ನಿರ್ಮಾಪಕರ ಮತ್ತು ಪ್ರದರ್ಶಕರ ವಿರುದ್ಧ ಹೂಡಿದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪು ಕೊಟ್ಟಿತು. ಬೇರೆ ಕರಾರಿಲ್ಲದಿದ್ದರೆ, ದುಡ್ಡು ಕೊಟ್ಟು ಬರೆಸಿದ ನಿರ್ಮಾಪಕನೇ ಸಿನಿಮಾ ಹಾಡಿನ ಮೊದಲ ಒಡೆಯ ಎಂಬುದು ಅದರ ಸಾರ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ತೀರ್ಪಿಗೆ ಒಪ್ಪಿಕೊಂಡೂ, ಹಾಡುವವರಿಗೆ ನಮ್ಮ ಕಾನೂನಿನಲ್ಲಿ ಏನೂ ಇಲ್ಲವಲ್ಲ ಎಂಬ ಕೊರಗನ್ನು ಪ್ರತ್ಯೇಕವಾಗಿ ಬರೆದಿಟ್ಟರು. ಅದು ಸಿನಿಮಾ ಹಾಡಿನ ತೀರ್ಪು, ನಿಜ. ಆದರೆ ಅದರ ಗಾಳಿ ಭಾವಗೀತೆಯ ಅಂಗಳಕ್ಕೂ ಬೀಸಿತು. ಕವಿಗೆ ಒಮ್ಮೆ ಗೌರವಧನ ಕೊಟ್ಟರೆ ಮುಗಿಯಿತು ಎಂಬ ಪದ್ಧತಿಯನ್ನು ಯಾರೂ ಪ್ರಶ್ನಿಸಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಈ ತೀರ್ಪು ಬಂದದ್ದು 'ನಿತ್ಯೋತ್ಸವ' ಕ್ಯಾಸೆಟ್ಟಾಗುವ ಒಂದು ವರ್ಷ ಮೊದಲು. ಎಂದರೆ, ಕ್ಯಾಸೆಟ್ಟಿನ ಸಮಸ್ತ ಸುಗ್ಗಿಯೂ ಹಲ್ಲಿಲ್ಲದ ಕಾಲದಲ್ಲೇ ನಡೆದುಹೋಯಿತು.

ಹಲ್ಲು ಬಂದದ್ದು 2012ರಲ್ಲಿ. ಆ ವರ್ಷ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದಿತು. ರಾಜ್ಯಸಭೆಯಲ್ಲಿ ಅದರ ಪರವಾಗಿ ಜೋರಾಗಿ ವಾದಿಸಿದವರಲ್ಲಿ ಸ್ವತಃ ಹಾಡು ಬರೆಯುವ ಜಾವೇದ್ ಅಖ್ತರರೂ ಒಬ್ಬರು. ಜೂನ್ 21ರಿಂದ ಅದು ಜಾರಿಗೆ ಬಂತು. ಹಾಡು ಬರೆದವರು, ರಾಗ ಹಾಕಿದವರು ತಮ್ಮ ಕೃತಿಸ್ವಾಮ್ಯವನ್ನು ಬರೆದುಕೊಟ್ಟರೂ ರಾಯಧನದ ಸಮಪಾಲನ್ನು ಪಡೆಯುವ ಹಕ್ಕನ್ನು ಬರೆದುಕೊಡುವಂತಿಲ್ಲ. ಕೊಡುವುದಿದ್ದರೆ ವಾರಸುದಾರರಿಗೆ ಅಥವಾ ಅವರ ಪರವಾಗಿ ವಸೂಲು ಮಾಡುವ ಸಂಸ್ಥೆಗೆ ಮಾತ್ರ. ಇದಕ್ಕೆ ವಿರುದ್ಧವಾಗಿ ಮಾಡಿಕೊಂಡ ಕರಾರು ನಿಲ್ಲುವುದಿಲ್ಲ. ಇನ್ನೂ ಒಂದು ಮಾತು ಅದರಲ್ಲಿದೆ: ಕರಾರು ಮಾಡುವಾಗ ಇಲ್ಲದಿದ್ದ ಮಾಧ್ಯಮವನ್ನು ಹೆಸರಿಸಿ ಹೇಳದಿದ್ದರೆ ಆ ಕರಾರು ಅದಕ್ಕೆ ಅನ್ವಯಿಸುವುದಿಲ್ಲ. ನನ್ನ ಛಾಪಾ ಕಾಗದದ 'ಮುಂದೆ ಬರಬಹುದಾದ ಸಮಸ್ತ ಮಾಧ್ಯಮಗಳು' ಎಂಬ ಒಕ್ಕಣೆಯಂಥ ಗುಡಿಸಿಹಾಕುವ ಮಾತುಗಳಿಗೆ ಹಾಕಿದ ಬೀಗ ಇದು. ಆದರೆ ಹಳೆಯ ಕರಾರುಗಳಿಗೆ ಈ ಬೀಗ ಎಷ್ಟರಮಟ್ಟಿಗೆ ಬೀಳುತ್ತದೆ ಎಂಬುದು ವಕೀಲರ ವಾದದ ವಿಷಯ. 2023ರಲ್ಲಿ ಬಾಂಬೆ ಹೈಕೋರ್ಟು, ಎಫ್.ಎಂ. ರೇಡಿಯೊದವರು ಹಾಡು ಹಾಕಿದಾಗಲೆಲ್ಲ ಬರೆದವರಿಗೂ ರಾಗ ಹಾಕಿದವರಿಗೂ ರಾಯಧನ ಸಲ್ಲಬೇಕು ಎಂದು ಸ್ಪಷ್ಟವಾಗಿ ಹೇಳಿತು. ಕಾಯಿದೆ ಬಂದು ಹನ್ನೊಂದು ವರ್ಷ ಕಳೆದ ಮೇಲೂ ಅದನ್ನು ಕೋರ್ಟಿನಲ್ಲಿ ಹೇಳಿಸಬೇಕಾಯಿತು ಎಂಬುದೂ ನಮ್ಮ ದೇಶದ ಒಂದು ಲಕ್ಷಣ.

ಅಂತೂ ಹಲ್ಲು ಬಂತು. ಅಷ್ಟರಲ್ಲಿ ಕಡಲೆ ಏನಾಗಿತ್ತು? 2012ರ ಹೊತ್ತಿಗೆ ಕ್ಯಾಸೆಟ್ಟು ಸತ್ತಿತ್ತು, ಸಿ.ಡಿ. ಉಸಿರೆಳೆಯುತ್ತಿತ್ತು. ಸ್ವೀಡನ್ನಿನಲ್ಲಿ 2006ರಲ್ಲಿ ಹುಟ್ಟಿದ ಸ್ಪಾಟಿಫೈ 2019ರಲ್ಲಿ ಭಾರತಕ್ಕೆ ಬಂತು. ಅದಕ್ಕೂ ಮೊದಲೇ ಇಲ್ಲಿಯ ಕೆಲವು ಸೇವೆಗಳಿದ್ದವು. ಈ ವ್ಯವಸ್ಥೆಯಲ್ಲಿ ನಾವು ಹಾಡನ್ನು ಕೊಳ್ಳುವುದಿಲ್ಲ. ಕಣಜದೊಳಗೆ ಹೋಗಿ ಬರಲು ಅಪ್ಪಣೆ ಪಡೆಯುತ್ತೇವೆ. ಹೆಚ್ಚಿನವರಿಗೆ ಅದೂ ಪುಕ್ಕಟೆ. ನಡುನಡುವೆ ಜಾಹೀರಾತು ಕೇಳಿಸಿಕೊಂಡರೆ ಆಯಿತು.

ದುಡ್ಡು ಕೊಟ್ಟವರ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಓದುಗರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ನಾನು ತಿಂಗಳಿಗೆ ನೂರು ರೂಪಾಯಿಯ ಚಂದಾದಾರ ಎಂದಿಟ್ಟುಕೊಳ್ಳೋಣ. ತಿಂಗಳಿಡೀ ಒಬ್ಬರೇ ಗಾಯಕರ ಭಾವಗೀತೆಗಳನ್ನು ಇಪ್ಪತ್ತು ಸಲ ಕೇಳಿದೆ. ಪಕ್ಕದ ಮನೆಯ ಹುಡುಗನೂ ನೂರು ರೂಪಾಯಿಯ ಚಂದಾದಾರ. ಅವನು ಹೊಸ ಸಿನಿಮಾ ಹಾಡುಗಳನ್ನು 980 ಸಲ ಕೇಳಿದ. ಲೋಕದಲ್ಲಿ ಇರುವುದು ನಾವಿಬ್ಬರೇ ಎಂದು ಭಾವಿಸಿ. ಸೇವೆ ನಡೆಸುವವರು ಮೂರನೆಯ ಒಂದು ಪಾಲು ಇಟ್ಟುಕೊಂಡರೆ ಉಳಿಯುವುದು ಸುಮಾರು 133 ರೂಪಾಯಿ. ನನ್ನ ಪಾಲಿನ ಅರುವತ್ತಾರು ರೂಪಾಯಿ ನಾನು ಕೇಳಿದ ಗಾಯಕರಿಗೆ ಹೋಗಬೇಕೆಂಬುದು ಸಾಮಾನ್ಯ ಬುದ್ಧಿ. ಹಾಗಾಗುವುದಿಲ್ಲ. ಇಬ್ಬರ ದುಡ್ಡನ್ನೂ ಒಂದೇ ರಾಶಿಗೆ ಸುರಿದು, ಒಟ್ಟು ಸಾವಿರ ಸಲ ಎಂದು ಲೆಕ್ಕ ಹಾಕಿ, ಸಲಕ್ಕೆ ಸುಮಾರು ಹದಿಮೂರು ಪೈಸೆಯಂತೆ ಹಂಚುತ್ತಾರೆ. ನನ್ನ ಗಾಯಕರ ಲೆಕ್ಕಕ್ಕೆ ಬೀಳುವುದು ಎರಡೂಮುಕ್ಕಾಲು ರೂಪಾಯಿಗೂ ಕಡಿಮೆ. ನಾನು ಕೊಟ್ಟ ಉಳಿದ ಹಣ ನಾನು ಕೇಳದ ಹಾಡಿನವರ ಪಾಲಾಯಿತು. ಊರ ಮಾರಿಯಮ್ಮನ ಹುಂಡಿಗೆ ಹಾಕಿದ ಕಾಣಿಕೆಯನ್ನು, ತಿರುಪತಿಯಲ್ಲಿ ಜನ ಹೆಚ್ಚು ಎಂಬ ಕಾರಣಕ್ಕೆ, ಅಲ್ಲಿಗೆ ಸಾಗಿಸಿದ ಹಾಗೆ. ತಿರುಪತಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ನನ್ನ ಹರಕೆ ಮಾರಿಯಮ್ಮನಿಗಿತ್ತು.

ಕ್ಯಾಸೆಟ್ಟಿನ ಕಾಲದ ಅನ್ಯಾಯಕ್ಕೂ ಇಂದಿನದಕ್ಕೂ ವ್ಯತ್ಯಾಸ ಇಲ್ಲಿದೆ ಎಂದು ನನಗನ್ನಿಸುತ್ತದೆ. ಅಂದು ನಾನು ಕೊಟ್ಟ ಮೂವತ್ತು ರೂಪಾಯಿ ಆ ಕ್ಯಾಸೆಟ್ಟಿನದೇ ಆಗಿತ್ತು. ಕಂಪೆನಿ ಅದನ್ನು ಕವಿಗೆ ಹಂಚದೆ ಇಟ್ಟುಕೊಂಡಿತು. ಅದು ಮೋಸ, ಆದರೆ ಕಣ್ಣಿಗೆ ಕಾಣುವ ಮೋಸ. ಜಗಳವಾಡಲು ಒಂದು ವಿಳಾಸವಿತ್ತು, ಎಣಿಸಲು ಪ್ರತಿಗಳಿದ್ದವು. ಇಂದು ಯಾರೂ ಸುಳ್ಳು ಲೆಕ್ಕ ಬರೆಯಬೇಕಾಗಿಲ್ಲ. ಲೆಕ್ಕ ಸರಿಯಾಗಿಯೇ ಇರುತ್ತದೆ, ಪೈಸೆಯ ನೂರನೆಯ ಭಾಗದವರೆಗೆ. ಅನ್ಯಾಯವಿರುವುದು ಲೆಕ್ಕದಲ್ಲಲ್ಲ, ಎಣಿಸುವ ಕ್ರಮದಲ್ಲಿ.

ಆ ಕ್ರಮ ಹಾಡಿನ ಮೈಕಟ್ಟಿಗೂ ಕೈಹಾಕುತ್ತದೆ. ಸ್ಪಾಟಿಫೈಯಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಸಲ ಕೇಳಿದಂತೆ. ಮೂವತ್ತೊಂದು ಸೆಕೆಂಡಿನ ಸದ್ದಿಗೂ ಒಂದು ಅಂಕ, ಅರ್ಧ ಗಂಟೆಯ ಕೃಷ್ಣ ಸಂಧಾನದ ಸಂವಾದಕ್ಕೂ ಒಂದೇ ಅಂಕ. ಆಲಾಪದಿಂದ ಮೆಲ್ಲನೆ ಶುರುವಾಗುವ ತತ್ವಪದ, ಪಲ್ಲವಿಗೆ ಬರುವ ಮೊದಲು ಒಂದು ನಿಮಿಷ ಕೊಳಲು ನುಡಿಸುವ ಭಾವಗೀತೆ ಇವೆಲ್ಲ ಈ ಸಂತೆಯಲ್ಲಿ ದಡ್ಡರ ವ್ಯಾಪಾರ. ಹೊಸ ಹುಡುಗರು ಇದನ್ನು ಅರಿತಿದ್ದಾರೆ. ಅವರ ಹಾಡಿನಲ್ಲಿ ಪಲ್ಲವಿ ಹೊಸ್ತಿಲಲ್ಲೇ ಎದುರಾಗುತ್ತದೆ, ಎರಡನೆಯ ಚರಣ ಇರುವುದೇ ಇಲ್ಲ. ಹಾಡಿದರೆ ಪದ್ಯ ಸಾಯುತ್ತದೆ ಎಂದು ಅಂದು ನಾವು ಗೊಣಗಿದ್ದೆವು. ಅನಂತಸ್ವಾಮಿಯವರೂ ಅಶ್ವತ್ಥರೂ ನಾಲ್ಕು ನುಡಿಯ ಪದ್ಯದಲ್ಲಿ ಮೂರನ್ನಾದರೂ ಹಾಡುತ್ತಿದ್ದರು ಎಂಬುದು ಈಗ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇದರ ಮೇಲೆ ಇನ್ನೊಂದು ನಿಯಮ. 2024ರಿಂದ ಸ್ಪಾಟಿಫೈಯಲ್ಲಿ, ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಧ್ವನಿಮುದ್ರಣಕ್ಕೆ ರಾಯಧನದ ಲೆಕ್ಕವೇ ಇಲ್ಲ. ಆ ಚಿಲ್ಲರೆಯನ್ನು ಸಾವಿರ ದಾಟಿದವರ ರಾಶಿಗೆ ಸೇರಿಸುತ್ತಾರೆ. ಸಣ್ಣ ಮೊತ್ತ ಹೇಗೂ ಕೈಗೆ ತಲುಪುತ್ತಿರಲಿಲ್ಲ, ಬ್ಯಾಂಕಿನ ಖರ್ಚಿಗೇ ಸಾಲುತ್ತಿರಲಿಲ್ಲ ಎಂಬುದು ಅವರ ಸಮಜಾಯಿಷಿ. ಇರಬಹುದು. ಆದರೆ ಕನ್ನಡದಲ್ಲಿ ವರ್ಷಕ್ಕೆ ಎಂಟುನೂರು ಸಲ ಕೇಳುವ ಒಂದು ಪದ್ಯ ಸತ್ತ ಪದ್ಯವಲ್ಲ. ನಮ್ಮ ಕವನ ಸಂಕಲನಗಳು ಅಚ್ಚಾಗುವುದೇ ಐನೂರೋ ಸಾವಿರವೋ ಪ್ರತಿ; ಅದರಲ್ಲಿ ಎಂಟುನೂರು ಓದುಗರು ಸಿಕ್ಕಿದರೆ ಕವಿಗೆ ಹಬ್ಬ. ನಮ್ಮ ಹಬ್ಬ ಅವರ ಲೆಕ್ಕದಲ್ಲಿ ಸೊನ್ನೆ.

ದುಡ್ಡಿಗಿಂತ ನನ್ನನ್ನು ಹೆಚ್ಚು ಕಾಡುವುದು ಹೆಸರಿನ ಪ್ರಶ್ನೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ತಟ್ಟೆಗಳಿಗೆ ಹಾಡಿದಾಗ, ಪ್ರತಿ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ಗೊತ್ತಾಗಿ ಸರಿಯಾದ ಚೀಟಿ ಅಂಟಿಸಲಿ ಎಂದು ಆ ವ್ಯವಸ್ಥೆ. ಆಕೆ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹೆಸರು ತಪ್ಪಿದರೆ ಹಾಡು ಅನಾಥ ಎಂಬುದು ನೂರಿಪ್ಪತ್ತು ವರ್ಷದ ಹಿಂದೆ ಕಾರ್ಖಾನೆಯವರಿಗೂ ಗೊತ್ತಿತ್ತು. ಇಂದು ಫೋನಿನ ಪರದೆಯ ಮೇಲೆ ಗಾಯಕರ ಹೆಸರು ದೊಡ್ಡದಾಗಿ ಬರುತ್ತದೆ, ಕಂಪೆನಿಯ ಹೆಸರು ಬರುತ್ತದೆ. ಕವಿಯ ಹೆಸರು ಬೇಕಿದ್ದರೆ ಎಲ್ಲೆಲ್ಲೋ ಒತ್ತಿ ಹುಡುಕಬೇಕು. ಎಷ್ಟೋ ಸಲ ಅಲ್ಲಿಯೂ ಇರುವುದಿಲ್ಲ. ಹೆಸರಾಂತ ಕವಿಯ ಪದ್ಯಕ್ಕೆ 'ಜಾನಪದ' ಎಂದು ಬರೆದಿರುವುದನ್ನು ನಾನೇ ನೋಡಿದ್ದೇನೆ. ಹೆಸರಿಲ್ಲದಿರುವುದು ಬರೀ ಅಗೌರವವಲ್ಲ. ಈ ಲೋಕದಲ್ಲಿ ಹೆಸರೇ ಬಿಲ್ಲು. ಯಾವ ಹಾಡಿನ ಎದುರಿಗೆ ಬರೆದವರ ಹೆಸರು ನೋಂದಾಯಿತವಾಗಿಲ್ಲವೋ ಆ ಹಾಡಿನ ರಾಯಧನ ಬರೆದವರನ್ನು ಹುಡುಕಿಕೊಂಡು ಬರುವುದಿಲ್ಲ.

ಇಲ್ಲಿ ಕಾನೂನಿನ ಒಂದು ಲೆಕ್ಕ ಹೇಳಬೇಕು. ಕವಿ ತೀರಿಕೊಂಡ ಮೇಲೂ ಅರುವತ್ತು ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಕುವೆಂಪು 1994ರಲ್ಲಿ, ಕೆ.ಎಸ್. ನರಸಿಂಹಸ್ವಾಮಿಯವರು 2003ರಲ್ಲಿ, ನಿಸಾರ್ ಅಹಮದರು 2020ರಲ್ಲಿ. ಎಂದರೆ ನಮ್ಮ ಭಾವಗೀತೆಯ ಭಂಡಾರದ ಬಹುಪಾಲು ಇನ್ನೂ ದಶಕಗಳ ಕಾಲ ಹಕ್ಕುಳ್ಳ ಆಸ್ತಿ. ಹೆಸರಾದ ಕವಿಗಳಿಗೆ ನೋಡಿಕೊಳ್ಳುವ ಟ್ರಸ್ಟುಗಳು, ಮನೆಯವರು ಇದ್ದಾರೆ. ಒಂದೋ ಎರಡೋ ಪದ್ಯ ಹಾಡಾಗಿ ಮನೆಮಾತಾದ ಜಿಲ್ಲಾ ಮಟ್ಟದ ಕವಿಯ ಮಕ್ಕಳನ್ನು ಕೇಳಿ ನೋಡಿ. ಐ.ಪಿ.ಆರ್.ಎಸ್. ಎಂಬ ಹೆಸರನ್ನು ನಾನು ಹೇಳಿದ ಮನೆಗಳಲ್ಲಿ ಅದು ಯಾವುದೋ ಪರೀಕ್ಷೆಯೆಂದೇ ತಿಳಿದರು.

ಈ ಹೊಳೆಯಿಂದ ಆದ ಉಪಕಾರವನ್ನು ಹೇಳದಿದ್ದರೆ ತಪ್ಪಾದೀತು. ಇಪ್ಪತ್ತು ವರ್ಷ ಎಲ್ಲಿಯೂ ಸಿಗದಿದ್ದ ಕ್ಯಾಸೆಟ್ಟಿನ ಹಾಡುಗಳು ಮತ್ತೆ ಕೇಳಿಸುತ್ತಿವೆ. ಮಳೆಗಾಲದಲ್ಲಿ ಬೂಷ್ಟು ಹಿಡಿದು ಹಾಳಾಗುತ್ತಿದ್ದ ತಾಳಮದ್ದಲೆಯ ಸುರುಳಿಗಳನ್ನು ಯಾರೋ ಪುಣ್ಯಾತ್ಮರು ಯೂಟ್ಯೂಬಿಗೆ ಹಾಕಿ ಉಳಿಸಿದ್ದಾರೆ. ಮಸ್ಕತ್ತಿನಲ್ಲಿರುವ ನಮ್ಮೂರಿನವರು ರಾತ್ರಿ ಪಾಳಿ ಮುಗಿಸಿ ಭಾಗವತಿಕೆ ಕೇಳುತ್ತಾರೆ. ಕಂಪೆನಿಯ ಬಾಗಿಲು ಕಾಯದೆ ಹಾಡನ್ನು ಲೋಕಕ್ಕೆ ಬಿಡುವುದು ಹೊಸ ಗಾಯಕರಿಗೆ ಸಾಧ್ಯವಾಗಿದೆ. ಕೇಳುವವರ ದೃಷ್ಟಿಯಿಂದ ಇಂಥ ಕಾಲ ಹಿಂದೆಂದೂ ಬಂದಿರಲಿಲ್ಲ. ನನ್ನ ತಕರಾರು ಹೊಳೆಯ ಮೇಲಲ್ಲ. ಹೊಳೆಯ ದಡದಲ್ಲಿ ಕೂತು ಸುಂಕ ಎತ್ತುವ ಕ್ರಮದ ಮೇಲೆ.

ಸುಂಕ ಸಣ್ಣದೇನಲ್ಲ. ಧ್ವನಿಮುದ್ರಣ ಉದ್ಯಮದ ಜಾಗತಿಕ ಸಂಘಟನೆಯ ವರದಿಯ ಪ್ರಕಾರ 2023ರಲ್ಲಿ ಲೋಕದ ಒಟ್ಟು ವಹಿವಾಟು 28.6 ಬಿಲಿಯನ್ ಡಾಲರು. ಅದರಲ್ಲಿ ಮೂರನೆಯ ಎರಡು ಪಾಲು ಇಂಥ ಹರಿಯುವ ಹಾಡಿನಿಂದಲೇ ಬಂದದ್ದು. ಆದ್ದರಿಂದ ಹಾಡಿನಲ್ಲಿ ದುಡ್ಡಿಲ್ಲ ಎಂಬ ಮಾತನ್ನು ಯಾರೂ ನಂಬಬೇಕಾಗಿಲ್ಲ. ದುಡ್ಡಿದೆ, ಬರೆದವರಿಗೂ ಹಾಡಿದವರಿಗೂ ತಲುಪುವುದಿಲ್ಲ. ಬ್ರಿಟನ್ನಿನ ಸಂಸತ್ತಿನ ಒಂದು ಸಮಿತಿ ಇದನ್ನೇ ವಿಚಾರಣೆ ಮಾಡಿ, ಕಲಾವಿದರಿಗೆ ಸಿಗುತ್ತಿರುವುದು ಕನಿಕರ ಹುಟ್ಟಿಸುವಷ್ಟು ಕಡಿಮೆ, ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಬೇಕು ಎಂದು 2021ರಲ್ಲಿ ವರದಿ ಕೊಟ್ಟಿತು. ಇನ್ನೊಂದು ಸ್ವಾರಸ್ಯ: ಅಮೆರಿಕದಲ್ಲಿ 2020ರಲ್ಲಿ ಹಳೆಯ ಕಾಲದ ತಟ್ಟೆಗಳ ಮಾರಾಟದ ಹಣ ಸಿ.ಡಿ.ಯದನ್ನು ಮೀರಿತು. ಕೈಯಲ್ಲಿ ಹಿಡಿಯುವ ಹಾಡಿನ ಆಸೆ ಅಲ್ಲಿ ಸತ್ತಿಲ್ಲ. ಆದರೆ ಆ ತಟ್ಟೆಯ ಬೆಲೆ ನಮ್ಮ ಮೇಷ್ಟ್ರುಗಳ ಸಂಬಳಕ್ಕೆ ಹೊಂದುವಂಥದ್ದಲ್ಲ. ಅದನ್ನು ತಿರುಗಿಸುವ ಯಂತ್ರವೂ ನಮ್ಮ ಮನೆಗಳಲ್ಲಿಲ್ಲ. ಅವರ ಪರಿಹಾರ ನಮಗೆ ಆಗುವಂಥದ್ದಲ್ಲ.

ನನ್ನ ಪದ್ಯಗಳಿಗೆ ರಾಗ ಹಾಕಿದ ಗೆಳೆಯರು ಈಗಲೂ ಕಾರ್ಯಕ್ರಮ ಕೊಡುತ್ತಾರೆ. ಹಿಂದೆ ಸಭಾಂಗಣದ ಹೊರಗೆ ಒಂದು ಮೇಜು ಹಾಕಿ ಕ್ಯಾಸೆಟ್ಟು ಮಾರುತ್ತಿದ್ದರು. ಕಂಪೆನಿಯಿಂದ ಅರ್ಧ ಬೆಲೆಗೆ ತಂದು ಪೂರ್ತಿ ಬೆಲೆಗೆ ಮಾರಿ, ತಬಲಾದವರ ಬಸ್ಸಿನ ಖರ್ಚನ್ನು ಆ ಮೇಜಿನಿಂದಲೇ ಎತ್ತುತ್ತಿದ್ದರು. ಮೊನ್ನೆ ಕೇಳಿದೆ, "ಈಗ ಮೇಜಿಲ್ಲವೇ ಭಟ್ರೇ?" ಅವರು ನಕ್ಕರು. "ಜನ ಚಪ್ಪಾಳೆ ಹೊಡೆದು ಹತ್ತಿರ ಬರ್ತಾರೆ ಮಾಷ್ಟ್ರೇ, ಲಿಂಕ್ ಕಳಿಸಿ ಅಂತಾರೆ. ಕಳಿಸ್ತೇನೆ. ಅವರು ಕೇಳ್ತಾರೆ, ಸುಳ್ಳಲ್ಲ. ನಾಲ್ಕು ಜನಕ್ಕೆ ದಾಟಿಸ್ತಾರೆ, ಅದೂ ಸುಳ್ಳಲ್ಲ. ತಬಲಾದವನಿಗೆ ಬಸ್ಸಿಗೆ ಕೊಡುವಾಗ ಮಾತ್ರ ನನ್ನ ಕಿಸೆಯನ್ನೇ ನೋಡಿಕೊಳ್ಳಬೇಕು." ವರ್ಷದ ಲೆಕ್ಕ ಎಷ್ಟು ಬಂತು ಎಂದು ಕೇಳಿದ್ದಕ್ಕೆ ಅವರು ಫೋನು ತೆರೆದು ತೋರಿಸಿದರು. ಆ ಮೊತ್ತದಲ್ಲಿ ಇಬ್ಬರೂ ಕೂತು ಊಟ ಮಾಡಬಹುದಿತ್ತು, ಪಾಯಸ ಬಿಟ್ಟು.

ಪರಿಹಾರಗಳಿಲ್ಲವೆಂದಲ್ಲ. ಕೇಳುಗನ ದುಡ್ಡು ಆತ ಕೇಳಿದವರಿಗೇ ಹೋಗಲಿ ಎಂಬ ಕ್ರಮವನ್ನು ಸೌಂಡ್‌ಕ್ಲೌಡ್ ಎಂಬ ಸೇವೆ 2021ರಲ್ಲಿ ಸ್ವತಂತ್ರ ಕಲಾವಿದರಿಗಾಗಿ ಆರಂಭಿಸಿತು. ಎಂದರೆ ಮಾರಿಯಮ್ಮನ ಹುಂಡಿಯನ್ನು ಮಾರಿಯಮ್ಮನಿಗೇ ಬಿಡುವುದು ತಾಂತ್ರಿಕವಾಗಿ ಅಸಾಧ್ಯವೇನೂ ಅಲ್ಲ, ಮನಸ್ಸಿನ ಪ್ರಶ್ನೆ. ಆ ಮನಸ್ಸನ್ನು ಸ್ವೀಡನ್ನಿನಲ್ಲೋ ಮುಂಬೈಯಲ್ಲೋ ಬದಲಿಸುವ ಶಕ್ತಿ ಕನ್ನಡದ ಭಾವಗೀತೆ ಕೇಳುವ ಕೆಲವು ಸಾವಿರ ಜನಕ್ಕೆ ಇಲ್ಲ. ಆದರೆ ನಮ್ಮ ಕೈಯಲ್ಲೇ ಇರುವ ಕೆಲಸವೊಂದಿದೆ, ಅದನ್ನು ನಾವು ಮಾಡುತ್ತಿಲ್ಲ. ನಮ್ಮ ಅಕಾಡೆಮಿಗಳು, ಸಂಸ್ಕೃತಿ ಇಲಾಖೆ ಸನ್ಮಾನಕ್ಕೆ, ಶಾಲು ಹಾರಕ್ಕೆ ವೆಚ್ಚ ಮಾಡುವುದರಲ್ಲಿ ಒಂದು ಪಾಲನ್ನು ಹೆಸರು ಬರೆಸುವುದಕ್ಕೆ ವೆಚ್ಚ ಮಾಡಬಹುದು. ಕ್ಯಾಸೆಟ್ಟಿನ ಮಡಿಕೆ ಕಾಗದಗಳು ಇನ್ನೂ ಮನೆಗಳಲ್ಲಿವೆ. ಎ ಬದಿ, ಬಿ ಬದಿ, ಯಾವ ಹಾಡು ಯಾರದು ಎಂಬ ದಾಖಲೆ ಅವುಗಳಲ್ಲಿದೆ. ಅವನ್ನು ಕೂಡಿಸಿ, ಕವಿಗಳ ವಾರಸುದಾರರನ್ನು ಹುಡುಕಿ, ಹಾಡುಗಳನ್ನು ಅವರ ಹೆಸರಿನಲ್ಲಿ ನೋಂದಾಯಿಸಲು ನಾಲ್ಕು ಜನ ಗುಮಾಸ್ತರು, ಒಬ್ಬ ವಕೀಲರು ಸಾಕು. ಯಕ್ಷಗಾನದ ಭಾಗವತರಿಗೆ, ಅರ್ಥಧಾರಿಗಳಿಗೂ ಇದು ಬೇಕು. ಪ್ರದರ್ಶನಕಾರರಿಗೂ ಪಾಲುಂಟು ಎಂದು 2012ರ ತಿದ್ದುಪಡಿಯೇ ಹೇಳುತ್ತದೆ. ಕೇಳಿದವರಿಗೆ ಅಲ್ಪವೇ ಸಿಗಬಹುದು, ಕೇಳದವರಿಗೆ ಅದೂ ಇಲ್ಲ.

ಓದುಗರ ಕೈಯಲ್ಲೂ ಒಂದಿಷ್ಟಿದೆ. ಈ ಪುಸ್ತಕವನ್ನು ನೀವು ಕೊಂಡಿದ್ದರೆ ಅದರ ಬೆಲೆಯಲ್ಲಿ ನೂರಕ್ಕೆ ಹತ್ತರಂತೆ ನನಗೆ ಸಲ್ಲುವುದೆಂದು ಪ್ರಕಾಶಕರೊಡನೆ ಮಾತಾಗಿದೆ. ಸಲ್ಲುತ್ತದೆ ಎಂಬ ನಂಬಿಕೆಯೂ ಇದೆ. ಹಾಡಿನವರಿಗೆ ಅಂಥ ಮಾತೂ ಇಲ್ಲ, ನಂಬಿಕೆಯೂ ಇಲ್ಲ. ಮುಂದಿನ ಸಲ ನಿಮ್ಮೂರಿನಲ್ಲಿ ಭಾವಗೀತೆಯ ಕಾರ್ಯಕ್ರಮವೋ ತಾಳಮದ್ದಲೆಯೋ ನಡೆದಾಗ, ಲಿಂಕ್ ಕೇಳುವ ಮೊದಲು ಹಾಡಿದವರ ಕೈಗೆ, ತಬಲಾದವರ ಕೈಗೆ ಏನಾದರೂ ಕೊಡಿ. ಮಂಗಳಾರತಿ ತಟ್ಟೆಯ ಕಾಲಕ್ಕೆ ಹಿಂದೆ ಹೋದಂತಾಯಿತಲ್ಲ ಎನ್ನಬಹುದು. ಹೌದು, ಹಕ್ಕು ಜಾರಿಗೆ ಬರುವವರೆಗೆ ಮರ್ಯಾದೆಯಿಂದಲೇ ನಡೆಯಬೇಕು. ಮತ್ತು ಆ ಹಾಡನ್ನು ನಾಲ್ಕು ಜನಕ್ಕೆ ದಾಟಿಸುವಾಗ ಕವಿಯ ಹೆಸರನ್ನು ಕೂಡಿಸಿ ಬರೆಯಿರಿ. ಅದಕ್ಕೆ ದುಡ್ಡೇನೂ ಖರ್ಚಾಗುವುದಿಲ್ಲ.